ಕಡಲ ಕೋಟೆಯಲ್ಲಿ ದೊಡ್ಡವ್ವನ ಉಪವಾಸ

ಮೊನ್ನೆ ಮಳೆ ಹನಿಯತೊಡಗಿತೆಂದು ಅಟ್ಟದ ಮೇಲಿನ ಹಳೆಯ ಛತ್ರಿಯನ್ನು ಇಳಿಸಿದೆ. ಬಿಚ್ಚಲು ಹೋದರೆ ಕಡ್ಡಿಗಳೆಲ್ಲ ತುಕ್ಕು ಹಿಡಿದು, ಕೈತುಂಬ ಕೆಂಪು ಪುಡಿ ಮೆತ್ತಿಕೊಂಡಿತು. ನಮ್ಮ ಕಲಬುರಗಿಯ ಒಣ ಹವೆಯಲ್ಲಿ ಕಬ್ಬಿಣ ಇಷ್ಟು ಕೆಡುವುದಿಲ್ಲ. ಇದು ಸಮುದ್ರದ ಉಪ್ಪುಗಾಳಿ ಕುಡಿದು ಬಂದ ಛತ್ರಿ. ನೀವು ನಂಬಲಿಕ್ಕಿಲ್ಲ, ಬಿಸಿಲೂರಿನ ನಾನೂ ಒಮ್ಮೆ ಸಮುದ್ರ ನೋಡಿದ್ದೇನೆ. ಅದೂ ಗುಡ್ಡದ ಮೇಲಿನ ಒಂದು ಹಾಳು ಕೋಟೆಯಿಂದ.

ಆಗ ನಿಜಾಮರ ಕಾಲ. ನಾನು ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತ. ಉರ್ದು ಬಲ್ಲವನಿಗೆ ಭೂಮಿಯ ಮೇಲೆ ಎಲ್ಲಿಯೂ ಅಡ್ಡಿಯಿಲ್ಲ ಎಂಬ ಜಂಬ ನನಗಿತ್ತು. ಆದರೆ ಸಮುದ್ರ ನೋಡುವ ಹಂಬಲ ನನ್ನದಲ್ಲ, ಕಮಲಾಪುರದ ದೊಡ್ಡವ್ವನದು. ದೊಡ್ಡಪ್ಪ ತೊಗರಿಯ ವ್ಯಾಪಾರಕ್ಕೆಂದು ಕೊಂಕಣದವರೆಗೆ ಹೋಗಿಬಂದವರು. ಅಲ್ಲಿಯ ಒಂದು ಕೋಟೆಯ ಮೇಲೆ ನಿಂತರೆ ಆಚೆ ದಂಡೆಯೇ ಇಲ್ಲದ ನೀರು ಕಾಣುತ್ತದೆ ಎಂದು ಅವರು ಹೇಳಿದ್ದನ್ನು ದೊಡ್ಡವ್ವ ಒಂದು ದಿನವೂ ನಂಬಿರಲಿಲ್ಲ. ಅವರು ತೀರಿಕೊಂಡ ಮೇಲೆ, ಆ ಮಾತು ಸುಳ್ಳೋ ಖರೆಯೋ ಕಣ್ಣಾರೆ ನೋಡಿಯೇ ಬಿಡಬೇಕೆಂದು ಹಟ ಹಿಡಿದಳು. ಗಂಡನನ್ನು ನೆನೆಯುವ ರೀತಿ ಹೀಗೂ ಇರುತ್ತದೆ. ನಾನು ಎಂಟು ದಿನದ ರಜೆಗೆ, ಆಗಿನ ಕಚೇರಿಯ ಮಾತಿನಲ್ಲಿ ರುಖ್ಸತ್‌ಗೆ, ಅರ್ಜಿ ಬರೆದುಕೊಟ್ಟೆ.

ಹೊರಡುವ ಮೊದಲು ದೊಡ್ಡವ್ವ ನನಗೆ ಹೇಳಿದ ಕೆಲಸ ಒಂದೇ. ಅವಳ ಕೊರಳಲ್ಲಿ ಲಿಂಗವನ್ನು ಕಟ್ಟಿದ ಶಿವದಾರ ಸವೆದಿತ್ತು. ಶರಣಬಸವೇಶ್ವರ ಗುಡಿಯ ಹತ್ತಿರ ಹೊಸದೊಂದು ತಂದಿಡು ಎಂದು ಹೇಳಿ ಕಳಿಸಿದ್ದಳು. ನಾನು ಗುಡಿಯವರೆಗೂ ಹೋದೆ. ದಾರಿಯಲ್ಲಿ ಗೆಳೆಯನೊಬ್ಬ ಸಿಕ್ಕ, ಬಿಸಿ ಭಜಿ ಸಿಕ್ಕಿತು, ದಾರ ಮರೆತೆ. ಮರುದಿನ ಸ್ಟೇಶನ್ ಬಜಾರದಲ್ಲಿ ಬುತ್ತಿಯ ಗಂಟು, ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದಿಳಿದ ಅವಳು, "ದಾರ ತಂದಿಯೇನು ತಮ್ಮಾ?" ಎಂದಳು. ಹಿಂದೆ ರೈಲು ಕೂಗುತ್ತಿತ್ತು. ತಂದಿದ್ದೇನೆ, ಪೆಟ್ಟಿಗೆಯಲ್ಲಿದೆ ಎಂದುಬಿಟ್ಟೆ.

ರೈಲು ಬದಲಿಸುತ್ತ ಕೊಲ್ಹಾಪುರ ಮುಟ್ಟಿದೆವು. ಅಲ್ಲಿಂದ ಘಾಟು ಇಳಿಯುವ ಮೋಟಾರಿನಲ್ಲಿ ನನಗೆ ಮೂರು ಸಲ ವಾಂತಿಯಾಯಿತು. ದೊಡ್ಡವ್ವ ಮಾತ್ರ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮಾರನೆಯ ಬೆಳಿಗ್ಗೆ ಕೋಟೆಯ ಗುಡ್ಡ ಹತ್ತಿದೆವು. ಕಾರ್ತಿಕ ಮಾಸ, ಎದೆಮಟ್ಟದ ಹುಲ್ಲು. ಮುರಿದ ಮೆಟ್ಟಿಲು, ಅರ್ಧ ಕುಸಿದ ಹೆಬ್ಬಾಗಿಲು, ಅದರ ಪಕ್ಕದ ಗೋಡೆಯಲ್ಲಿ ಒಂದು ಗೂಡು, ಮೇಲೆ ಬಂಡೆಯಲ್ಲಿ ಕೊರೆದ ಸಿಹಿನೀರಿನ ಹೊಂಡ. ಅರಸರು ಹೋದರೂ ನೀರು ಮಾತ್ರ ಉಳಿದಿತ್ತು. ಬುರುಜಿನ ಮೇಲೆ ನಿಂತು ದೊಡ್ಡವ್ವ ಬಹಳ ಹೊತ್ತು ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ದಂಡೆ ಕಾಣಲಿಲ್ಲ.

"ಖರೇನ ಹೇಳಿದ್ದ ನೋಡು," ಎಂದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಪೂಜೆ ಮಾಡಿ ಬುತ್ತಿ ಬಿಚ್ಚೋಣವೆಂದು ಕೊರಳಿಗೆ ಕೈ ಹಾಕಿದಳು. ಕೊರಳು ಬರಿದಾಗಿತ್ತು.

ಇದರ ಭಾರ ಎಲ್ಲರಿಗೂ ತಿಳಿಯಲಿಕ್ಕಿಲ್ಲ, ಹೇಳುತ್ತೇನೆ. ನಮ್ಮಲ್ಲಿ ಲಿಂಗ ಮೈಮೇಲೆ ಇರಬೇಕು, ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಅನ್ನ. ಕಳೆದುಹೋದರೆ ಸಿಗುವ ತನಕ ಅನ್ನವಿಲ್ಲ, ಹನಿ ನೀರೂ ಇಲ್ಲ. ಹಾಗೆ ಕಳೆದುಕೊಂಡು ಪ್ರಾಣವನ್ನೇ ಬಿಟ್ಟವರ ಕಥೆಗಳನ್ನು ಕೇಳುತ್ತ ಬೆಳೆದವಳು ಅವಳು. ವಯಸ್ಸು ಅರವತ್ತರ ಮೇಲೆ, ಗುಡ್ಡ ಹತ್ತಿ ಬೆವರಿ ಬಂದಿದ್ದಳು, ಊರು ಮೂರು ದಿನದ ದಾರಿ. ದೊಡ್ಡವ್ವ ಹೊಂಡದ ದಂಡೆಯ ಮೇಲೆ ಕುಳಿತುಬಿಟ್ಟಳು. "ಹೋಗಿ ಹುಡುಕು ತಮ್ಮಾ. ಸಿಕ್ಕರ ಊರಿಗಿ ಹೋಗೋಣು, ಇಲ್ಲಂದ್ರ ನಾ ಇಲ್ಲೇ," ಎಂದಳು.

ಸವೆದ ದಾರ ಗುಡ್ಡ ಹತ್ತುವಾಗ ಎಲ್ಲೋ ಹರಿದಿತ್ತು. ಹೊಸದು ತಾರದೆ ದೊಡ್ಡವ್ವನನ್ನು ಕೊಂದವನು ನಾನೇ ಎಂದುಕೊಂಡೆ. ಲಿಂಗವನ್ನು ಸುತ್ತಿದ ಕಾವಿ ಬಟ್ಟೆಯ ಪುಟ್ಟ ಗಂಟಿಗಾಗಿ ಹುಲ್ಲು ಸರಿಸುತ್ತ, ಮೆಟ್ಟಿಲು ತಡವುತ್ತ ಗುಡ್ಡದ ಬುಡದವರೆಗೆ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಹೆಬ್ಬಾಗಿಲಿನ ಗೂಡಿನಲ್ಲಿ ಯಾರೋ ಯಾವುದೋ ದೇವರಿಗೆ ಹೂವಿಟ್ಟಿದ್ದು ಕಣ್ಣಂಚಿಗೆ ಕಂಡಿತು. ಪ್ರತಿ ಸಲವೂ ಮುಖ ತಿರುಗಿಸಿಕೊಂಡೇ ದಾಟಿದೆ. ಕೊರಳಲ್ಲಿ ಲಿಂಗವಿದ್ದವರು ಗೋಡೆಯ ಕಲ್ಲಿಗೆ ಕೈಮುಗಿಯಬಾರದೆಂದು ಚಿಕ್ಕಂದಿನಲ್ಲಿ ಕಲಿಸಿದವಳು ದೊಡ್ಡವ್ವನೇ. ಅಂಥ ಆಪತ್ತಿನಲ್ಲೂ ನಾನು ಆ ಪಾಠ ತಪ್ಪಲಿಲ್ಲ.

ಮೂರನೆಯ ಸಲ ಬರಿಗೈಯಲ್ಲಿ ಮೇಲೆ ಬಂದಾಗ ಹೊತ್ತು ಇಳಿಮುಖವಾಗಿತ್ತು. ಹುಲ್ಲು ಕೊಯ್ಯುವ ಮುದುಕನೊಬ್ಬ ದೊಡ್ಡವ್ವನ ಮುಂದೆ ಎಲೆಯ ದೊನ್ನೆಯಲ್ಲಿ ನೀರು ಹಿಡಿದು ನಿಂತಿದ್ದ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ನಾನು ನನ್ನ ಘನವಾದ ಉರ್ದುವಿನಲ್ಲಿ ಸಂಗತಿ ವಿವರಿಸಿದೆ. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಕೊನೆಗೆ ಕೊರಳು ಮುಟ್ಟಿ, ಅಂಗೈ ತೋರಿಸಿ, ಬಾಯಿಗೆ ಕೈ ಅಡ್ಡ ಹಿಡಿದೆ. ಮುದುಕ ಥಟ್ಟನೆ ನನ್ನ ರಟ್ಟೆ ಹಿಡಿದು ಹೆಬ್ಬಾಗಿಲಿಗೆ ಎಳೆದೊಯ್ದ, ದೊಡ್ಡವ್ವ ಹಿಂದೆಯೇ ಬಂದಳು. ಆ ಗೂಡಿನಲ್ಲಿ, ನಮ್ಮದೇ ಕಾವಿ ಬಟ್ಟೆಯ ಮೇಲೆ, ಕಪ್ಪಗೆ ಮಿನುಗುತ್ತ ಕುಳಿತಿತ್ತು ದೊಡ್ಡವ್ವನ ಲಿಂಗ.

ಬೆಳಿಗ್ಗೆ ಮೆಟ್ಟಿಲ ಮೇಲೆ ಅದು ಅವನಿಗೆ ಸಿಕ್ಕಿತ್ತಂತೆ. ಕೋಟೆಯ ಹಾಳು ಗುಡಿಯ ದೇವರು ಹೊರಬಂದಿದ್ದಾನೆ ಎಂದುಕೊಂಡು ಹೂವಿಟ್ಟು, ತನ್ನ ಬುತ್ತಿಯ ಅಕ್ಕಿ ರೊಟ್ಟಿ ಮುರಿದು ಎಡೆ ಹಿಡಿದಿದ್ದ. ಇದಿಷ್ಟನ್ನೂ ಅವನ ಮರಾಠಿಯಿಂದ ನಾವು ಹೇಗೋ ತಿಳಿದುಕೊಂಡೆವು. ದೊಡ್ಡವ್ವ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಅಲ್ಲೇ ಕುಳಿತು ಪೂಜೆ ಮಾಡಿದಳು. ಆಮೇಲೆ ಗೂಡಿಗೆ ಕೈ ಹಾಕಿ ಆ ರೊಟ್ಟಿಯ ತುಂಡು ತೆಗೆದಳು. ಪರರ ಮನೆಯ ಮಜ್ಜಿಗೆಯನ್ನೂ ಮುಟ್ಟದವಳು. ಮೀನಿನ ಚೂರೇನಾದರೂ ಅಂಟಿದೆಯೋ ಎಂದು ನಾನು ಬಗ್ಗಿ ನೋಡಿದೆ. ಬರೀ ಬೆಲ್ಲವಿತ್ತು.

"ನನ್ನ ಲಿಂಗಕ್ಕ ಎಡಿ ಹಿಡದಾನ. ಪ್ರಸಾದ ಅದ, ತಿನ್ನು," ಎಂದು ನನಗೂ ಅರ್ಧ ಕೊಟ್ಟಳು. ಮುದುಕನಿಗೆ ಕೆಂಪು ಬಾಳೆಹಣ್ಣು ಕೊಟ್ಟಳು. ಸೀರೆಯ ಅಂಚಿನಿಂದ ಎಳೆ ಹಿರಿದು ಹೊಸೆದು, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡಳು. ಪೆಟ್ಟಿಗೆಯಲ್ಲಿದೆ ಎಂದಿದ್ದ ದಾರವನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ನಾನು ಈ ಕಥೆಯನ್ನು ಸಿಕ್ಕಸಿಕ್ಕವರಿಗೆ ಹೇಳಿದೆ. ಸುಡುವ ಬಿಸಿಲಿನಲ್ಲಿ, ಸಿಹಿನೀರಿನ ದಂಡೆಯಲ್ಲೇ ಕುಳಿತು ಹನಿ ನೀರು ಮುಟ್ಟದ ದೊಡ್ಡವ್ವನನ್ನು ಹೊಗಳಿದಷ್ಟೂ ನನ್ನ ತಪ್ಪು ಸಣ್ಣದಾಗುತ್ತದೆಂದು ಒಳಗೊಳಗೆ ಲೆಕ್ಕ ಹಾಕಿದ್ದೆನೋ ಏನೋ. ಕಮಲಾಪುರದ ಹೆಂಗಸರು ಅವಳ ಕಾಲು ಮುಟ್ಟಿ ನಮಸ್ಕರಿಸುವವರೆಗೂ ಅದು ಬೆಳೆಯಿತು. ಕೆಲವು ವರ್ಷಗಳ ಮೇಲೆ ನಾನು ಅಲ್ಲಿಗೆ ಹೋದಾಗ ಅವಳು ಪಡಸಾಲೆಯಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಮೊರದಿಂದ ಕಣ್ಣೆತ್ತದೆ, ಆ ಕಥೆ ಹೇಳುವುದನ್ನು ಬಿಡು ಎಂದಳು. ಯಾಕೆ ಎಂದೆ.

"ನಾ ನೀರ ಕುಡದಿದ್ದೆ ತಮ್ಮಾ. ನೀ ಎರಡನೇ ಸಲ ಇಳದು ಹೋದಾಗ. ಗಂಟಲಾ ಒಣಗಿ ಜೀವಾ ಹೋದಂಗಾತು. ಬೊಗಸಿಲೆ ಮೂರು ಸಲ ಕುಡದು, ಸೆರಗಿಲೆ ಬಾಯಿ ಒರಸಿಕೊಂಡೆ."

ನನಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಅವಳು ಸಾಯುತ್ತಿರಲಿಲ್ಲ, ಮುದುಕ ಬಾರದೇ ಇದ್ದರೂ ಸಾಯುತ್ತಿರಲಿಲ್ಲ. ಆ ಧೈರ್ಯದಲ್ಲಿ, ದಾರ ತಂದಿರಲಿಲ್ಲ ಎಂದು ನಾನೂ ಹೇಳಿಬಿಟ್ಟೆ.

"ಗೊತ್ತಿತ್ತು," ಎಂದಳು. "ರೈಲಿನ್ಯಾಗ ನಿನಗ ನಿದ್ದಿ ಹತ್ತಿದಾಗ ಪೆಟ್ಟಿಗಿ ತೆಗದು ನೋಡಿದ್ದೆ. ಬಾಯಿ ಬಿಟ್ಟಿದ್ರ ನೀ ಹೆದರಿ ತಿರುಗಿ ಕರ್ಕೊಂಡು ಬರ್ತಿದ್ದಿ. ನನಗ ಆ ನೀರು ನೋಡೂದಿತ್ತು."

ದೊಡ್ಡವ್ವ ಹೋಗಿ ಎಷ್ಟೋ ಕಾಲವಾಯಿತು. ನಾನು ಕಥೆ ಹೇಳುವುದನ್ನು ಬಿಟ್ಟರೂ ಕಥೆ ನಮ್ಮ ಮನೆಯನ್ನು ಬಿಡಲಿಲ್ಲ. ಛತ್ರಿ ಇಳಿಸಿದ ದಿನ ಶ್ರಾವಣದ ಸೋಮವಾರ. ಸೊಸೆ ಜ್ವರದಲ್ಲಿಯೂ ನೀರು ಮುಟ್ಟದ ಉಪವಾಸ ಹಿಡಿದು ಗೋಡೆಗೆ ಒರಗಿ ಕುಳಿತಿದ್ದಳು, ತುಟಿಗಳು ಒಡೆದಿದ್ದವು. ಒಂದು ಗುಟುಕಾದರೂ ಕುಡಿಯವ್ವ ಎಂದರೆ, ಕಮಲಾಪುರದ ಅಮ್ಮ ಗುಡ್ಡದ ಮೇಲೆ ನೀರಿಲ್ಲದೆ ತಡೆದಿರಲಿಲ್ಲವೇ ಎಂದು ನನಗೇ ತಿರುಗಿ ಹೇಳಿದಳು. ನಾನು ಅವಳೆದುರು ನೆಲದ ಮೇಲೆ ಕುಳಿತು, ದೊಡ್ಡವ್ವನ ಮೂರು ಬೊಗಸೆಯನ್ನೂ ಬಿಡದೆ ಹೇಳಿದೆ.

"ಖರೇನ ಕುಡದಿದ್ರೇನ್ರೀ, ಮಾವಾರ?"

"ಕುಡದಿದ್ದಳವ್ವ. ಕುಡದ ಮ್ಯಾಲೂ ಶಿವಾ ಆಕೀಗಿ ಸಿಕ್ಕ."

ಅವಳು ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಕೊಡದಲ್ಲಿ ತಂಬಿಗೆ ಅದ್ದಿದ ಸಪ್ಪಳ ಕೇಳಿತು. ನಾನು ಅಲ್ಲಾಡದೆ ಕುಳಿತೆ. ಎರಡನೆಯ ಸಲ ಅದ್ದಿದ್ದು ಕೇಳಿಸಿದ ಮೇಲೆಯೇ ನನಗೆ ಉಸಿರು ಸರಾಗವಾಗಿ ಬಂತು.