ಕಪ್ಪು ದಾರದ ನಾಣ್ಯ

ಮಂಠಾಳದ ಬಸ್ ನಿಲ್ದಾಣ. ಹುಮನಾಬಾದಿಗೆ ಹೋಗುವ ಬಸ್ಸು ಇನ್ನೂ ಬಂದಿಲ್ಲ. ಎದುರಿಗೆ ನೀರಿನ ಪೈಪಿಗೆಂದು ತೋಡಿದ ತಗ್ಗನ್ನು ಮುಚ್ಚಿ ಕಾಂಕ್ರೀಟ್ ಹಾಕಿದ್ದಾರೆ. ತೋಡುವಾಗ ಒಂದು ಮಡಕೆಯಲ್ಲಿ ರೋಮನ್ ನಾಣ್ಯಗಳು ಸಿಕ್ಕವಂತೆ. ನಾಣ್ಯಗಳನ್ನು ಸರಕಾರದವರು ಒಯ್ದರು. ಮಡಕೆಯ ಚೂರುಗಳು ಮಣ್ಣಿನ ಗುಡ್ಡೆಯಲ್ಲೇ ಬಿದ್ದಿವೆ.

ಆ ತಗ್ಗು ತೋಡಲು ಕೂಲಿಗೆ ಬಂದಿದ್ದ ಹೆಂಗಸೊಬ್ಬಳು ಜೆಸಿಬಿ ಚಾಲಕನೆದುರು ಅಂಗೈ ಚಾಚಿ ನಿಂತಿದ್ದಾಳೆ. ಅಂಗೈಯಲ್ಲಿ ಒಂದು ನಾಣ್ಯ. ಅದರಲ್ಲಿ ಅಚ್ಚಾದ ದೊರೆಯ ತಲೆಯ ಮೇಲೊಂದು ತೂತು, ತೂತಿನಲ್ಲಿ ಕಪ್ಪು ದಾರ.

“ತೂತು ಮೊದಲೇ ಇತ್ತ್ರಿ. ತಾಯತ ಅಂದ್ಕೊಂಡು ಇದೊಂದು ಇಟ್ಕೊಂಡೆ, ಕೂಸಿನ ಕೊಳ್ಳಾಗ ಕಟ್ಟಿದೆ. ನೆಲದಾಗಿನ ರೊಕ್ಕ ಜೀವ ಬೇಡ್ತದಂತ ತಿಳೀಲಿಲ್ಲ. ಕೂಸು ಹೋಯ್ತು. ಮನ್ಯಾಗ ಇನ್ನೊಂದು ಕೂಸು ಅದರಿ. ಇದನ್ನ ಇದ್ದಲ್ಲೇ ಇಡಬೇಕು, ಒಂದೀಟು ಅಗೀರಿ.”

“ಮ್ಯಾಲ ಸಿಮೆಂಟ್ ಬಿದ್ದದ, ಅಕ್ಕಾ. ಒಡದ್ರ ನನ್ನ ನೌಕರಿ ಹೋಗ್ತದ. ಮುಂದಿನ ತಗ್ಗು ಇನ್ನಾ ಮುಚ್ಚಿಲ್ಲ, ಅಲ್ಲಿ ಒಗದುಬಿಡು.”

“ಬ್ಯಾರೆ ಕಡಿ ಒಗದ್ರ ಅದು ಬಿಡ್ತದೇನ್ರಿ?”

ನಾಣ್ಯ ತನಗೆಲ್ಲಿ ತಾಗೀತೋ ಎಂಬಂತೆ ಚಾಲಕ ಹಿಂದೆ ಸರಿದ.

ಅವಳು ಗುಡ್ಡೆಯಿಂದ ಮಡಕೆಯ ಚೂರೊಂದನ್ನು ಹೆಕ್ಕಿ, ಕುಕ್ಕರುಗಾಲಲ್ಲಿ ಕೂತು, ಒಣಗಿದ ಕಾಂಕ್ರೀಟನ್ನು ಕೆರೆಯತೊಡಗಿದಳು. ಚೂರು ಪುಡಿಯಾಯಿತು. ಇನ್ನೊಂದನ್ನು ಎತ್ತಿಕೊಂಡಳು. ಗುಡ್ಡೆಯಲ್ಲಿ ಚೂರುಗಳಿಗೇನೂ ಕೊರತೆಯಿಲ್ಲ.