ಅತ್ತೆಯ ಬಡ್ಡಿ, ನನ್ನ ಸಂಬಳದ ಜೊತೆಗೆ

ಬಂಗಾಳದ ಬೆಹಾಲಾದಲ್ಲಿದ್ದ ನಮ್ಮ ಹೋಟೆಲಿನ ಷಟರು ಅರ್ಧ ಇಳಿಸಿದ್ದ ಭಾನುವಾರದ ಮಧ್ಯಾಹ್ನ ಒಳಗೆ ನಾವು ನಾಲ್ವರಿದ್ದೆವು. ಅಪ್ಪ ಬನಿಯನ್ನಿನಲ್ಲಿ ಗಲ್ಲಾದ ಹಿಂದೆ ಕೂತಿದ್ದರು. ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಪ್ಪನ ಅಕ್ಕ, ಎಂದರೆ ನನ್ನ ಅತ್ತೆ, ಮರುದಿನದ ಇಡ್ಲಿಗೆ ಉದ್ದು ತೊಳೆಯುತ್ತಿದ್ದಳು. ನಾನು ಮಾತ್ರ ಕೂರಲಾರದೆ ಮೇಜುಗಳ ನಡುವೆ ಸುತ್ತುತ್ತಿದ್ದೆ.

"ಎಂಥದೇ ನಿಂದು, ಕಾಲು ಸುಟ್ಟ ಬೆಕ್ಕಿನ ಹಾಗೆ?" ಅಂದಳು ಅತ್ತೆ. "ಸೆಕ್ಟರ್ ಫೈವಿನ ಆಫೀಸಿನಲ್ಲಿ ಕುರ್ಚಿ ಬಿಟ್ಟು ಏಳ್ಲಿಕ್ಕಿಲ್ಲ ಅಂತ ಇಲ್ಲಿ ಬಂದು ತಿರುಗುವುದಾ?"

ನನ್ನ ಚಡಪಡಿಕೆ ತಿಳಿಯಬೇಕಾದರೆ ಅತ್ತೆಯ ದುಡ್ಡಿನ ಸಂಗತಿ ಗೊತ್ತಿರಬೇಕು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅವಳು ತಮ್ಮನ ಜೊತೆ ಉಡುಪಿ ಕಡೆಯಿಂದ ಈ ಊರಿಗೆ ಬಂದು, ಅಂದಿನಿಂದ ಇದೇ ಅಡುಗೆಮನೆಯಲ್ಲಿದ್ದಳು. ಅಪ್ಪ ಹಬ್ಬಕ್ಕೆ, ಹುಣ್ಣಿಮೆಗೆ ಕೈಗಿಟ್ಟದ್ದನ್ನೂ ಪಾಡಾದ, ಎಂದರೆ ನಮ್ಮ ಕೇರಿಯ, ಬಂಗಾಳಿ ಹೆಂಗಸರಿಗೆ ಹಪ್ಪಳ ಮಾರಿ ಗಳಿಸಿದ್ದನ್ನೂ ಒಟ್ಟುಮಾಡಿ, ನನಗೆ ಹದಿನೆಂಟು ತುಂಬಿದ ಕೂಡಲೇ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಇಡಿಸಿದಳು. ದಿನಾ ದೋಸೆಗೆ ಬರುತ್ತಿದ್ದ ಚಹಾ ಕಂಪನಿಯ ಗುಮಾಸ್ತರೊಬ್ಬರ ಮಾತು ಕೇಳಿ ಒಂದಿಷ್ಟು ಷೇರನ್ನೂ ಕೊಂಡಿದ್ದಳು, ಅದೂ ನನ್ನ ಹೆಸರಿಗೇ. "ಓದಿದವಳು ನೀನು. ನನ್ನ ಹೆಸರು ಎಂಥಕ್ಕೆ?" ಅನ್ನುವಳು. ನಮ್ಮವರಲ್ಲಿ ಅದೇ ರೂಢಿ. ಮನೆಯಲ್ಲಿ ಯಾರು ಓದಿದ್ದಾರೋ ಎಲ್ಲರ ದುಡ್ಡೂ ಅವರ ಹೆಸರಿನಲ್ಲಿ.

ನಾನು ಓದುತ್ತಿದ್ದಷ್ಟು ದಿನ ತೊಂದರೆಯಿರಲಿಲ್ಲ. ಸೆಕ್ಟರ್ ಫೈವಿನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನನಗೂ ಅಲ್ಲೊಂದು ಕೆಲಸ ಸಿಕ್ಕಿತು. ಬ್ಯಾಂಕ್ ಬಡ್ಡಿಗೆ ಮೊದಲಿದ್ದ ಚೂರುಪಾರು ವಿನಾಯಿತಿಯನ್ನೂ ಸರ್ಕಾರ ಅಷ್ಟರಲ್ಲಿ ತೆಗೆದುಹಾಕಿತ್ತು. ಜುಲೈ ತಿಂಗಳು, ತೆರಿಗೆಯ ಲೆಕ್ಕ ಒಪ್ಪಿಸುವ ಗಡಿಬಿಡಿ. ನಮ್ಮ ಆಫೀಸಿನ ಲೆಕ್ಕಿಗರು ನನ್ನ ಕಾಗದ ನೋಡಿ, "ಈ ಬಡ್ಡಿ ನಿಮ್ಮ ಸಂಬಳದ ಮೇಲೆ ಕೂರುತ್ತದೆ. ಸಂಬಳದ ಕೊನೆಯ ರೂಪಾಯಿಗೆ ಎಷ್ಟು ದರವೋ ಇದಕ್ಕೂ ಅಷ್ಟೇ" ಅಂದಿದ್ದರು. ಅಂದಿನಿಂದ ಆಫೀಸಿನ ಕಾರಿನಲ್ಲಿ ಕಿಟಕಿಗೆ ತಲೆಯಾನಿಸಿದರೂ ನಿದ್ದೆಯಿಲ್ಲ. ಅತ್ತೆಯ ಬೆವರಿನ ದುಡ್ಡನ್ನು ನನ್ನ ಆದಾಯವೆಂದು ಬರೆದು ನಾನು ಸಹಿ ಹಾಕಬೇಕು. ಮನೆಯಲ್ಲಿ ನನಗೆ ಗಂಡು ಹುಡುಕುವುದು ಬೇರೆ ಶುರುವಾಗಿತ್ತು.

ಆ ಮಧ್ಯಾಹ್ನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಇಷ್ಟಕ್ಕೆ ಇಷ್ಟು ದೊಡ್ಡ ರಾಮಾಯಣವಾ?" ಅಂದರು ಅಪ್ಪ. "ನಿನ್ನನ್ನು ಎತ್ತಿ ಆಡಿಸಿದವಳು ಅವಳು. ತೆರಿಗೆ ನಿನ್ನ ಸಂಬಳದಲ್ಲಿ ಕಟ್ಟು, ಮುಗಿಯಿತು."

"ಮುಗಿಯುವುದು ಹೇಗೆ?" ಅಮ್ಮ ಹುಣಸೆಹಣ್ಣು ಪಕ್ಕಕ್ಕಿಟ್ಟಳು. "ನಾಳೆ ಇವಳ ಮದುವೆಯಾಗಿ, ಆ ಮನೆಯವರು ಇದು ನಮ್ಮ ಸೊಸೆಯ ದುಡ್ಡು ಅಂದ್ರೆ ಅತ್ತಿಗೆ ಯಾರ ಹತ್ರ ಕೇಳುವುದು?"

ನನ್ನ ಹೆದರಿಕೆಯೂ ಅದೇ ಆಗಿತ್ತು. ಅತ್ತೆ ಕೈ ಒರೆಸಿಕೊಂಡಳು.

"ಚಹಾ ಕಂಪನಿಯದ್ದಕ್ಕೂ ತೆರಿಗೆ ಉಂಟಾ?"

"ಇಲ್ಲ ಅತ್ತೆ. ಆ ಲಾಭಾಂಶದ ತೆರಿಗೆ ಕಂಪನಿಯೇ ಮೊದಲು ಕಟ್ಟಿರ್ತದೆ. ನಮ್ಮ ಕೈಗೆ ಬಂದದ್ದಕ್ಕೆ ಮತ್ತೆ ಇಲ್ಲ."

"ನೋಡು! ಈ ಊರಲ್ಲಿ ಚಹಾಕ್ಕೆ ಇರುವ ಮರ್ಯಾದೆ ಬ್ಯಾಂಕಿಗಿಲ್ಲ." ನಾವು ನಕ್ಕೆವು. ಅವಳು ನಗಲಿಲ್ಲ. "ಬಡ್ಡಿ ನನ್ನ ಹೆಸರಲ್ಲಿ ಬಂದಿದ್ರೆ ಎಷ್ಟು ಕಟ್ಬೇಕಿತ್ತು?"

"ಏನೂ ಇಲ್ಲ. ನಿನಗೆ ಬೇರೆ ಆದಾಯವೇ ಇಲ್ಲವಲ್ಲ. ಹಾಗಂತ ಬರೆದುಕೊಟ್ರೆ ಬ್ಯಾಂಕಿನವರೂ ತೆರಿಗೆ ಹಿಡಿಯುವುದಿಲ್ಲ."

"ಆದಾಯ ಇಲ್ಲ," ಅಂದಳು ಅತ್ತೆ, ಆ ಮಾತನ್ನು ಅಗಿದು ನೋಡುವವಳ ಹಾಗೆ. ಆಮೇಲೆ ಅಪ್ಪನ ಕಡೆ ತಿರುಗಿದಳು. "ಇಷ್ಟು ವರ್ಷ ಇಲ್ಲಿ ಉದ್ದು ಅರೆದದ್ದು ಎಂಥದು ಮಾರಾಯ?"

"ಎಂಥ ಮಾತು ಅಕ್ಕ! ಮನೆಯವರಿಗೆ ಸಂಬಳ ಅಂತ ಕೊಡ್ಲಿಕ್ಕುಂಟಾ?"

"ಇಲ್ಲ, ಇಲ್ಲ. ಕೊಡ್ಲಿಕ್ಕಿಲ್ಲ." ಅವಳು ಉದ್ದಿನ ನೀರು ಬಗ್ಗಿಸಿದಳು. "ಇವಳೇ, ಎಲ್ಲ ನನ್ನ ಹೆಸರಿಗೆ ಮಾಡು."

"ಈ ವಯಸ್ಸಲ್ಲಿ ಬ್ಯಾಂಕು, ಪ್ಯಾನ್ ಕಾರ್ಡು ಎಂಥಕ್ಕೆ?" ಅಪ್ಪ ಗಲ್ಲಾ ಬಿಟ್ಟು ಎದ್ದೇಬಿಟ್ಟರು.

"ನಿನ್ನ ಮಗಳ ತೆರಿಗೆ ಉಳಿಸ್ಲಿಕ್ಕೆ."

ಮುಗಿದ ವರ್ಷದ ತೆರಿಗೆ ಹೇಗೂ ನನ್ನದೇ ಆಗಿತ್ತು, ಕಟ್ಟಿದೆ. ಆ ಹಣ ತನ್ನ ಗಂಟಿನಿಂದಲೇ ಹಿಡಿದುಕೊಳ್ಳಬೇಕೆಂದು ಅತ್ತೆ ಹಟ ಹಿಡಿದಳು. ನಾನು ಬೇಡವೆಂದೆ, ಅವಳು ಎರಡು ದಿನ ಮಾತು ಬಿಟ್ಟಳು, ಕೊನೆಗೆ ಹಿಡಿದುಕೊಂಡೆ. ಆಮೇಲೆ ರಜೆ ಹಾಕಿ ಅವಳನ್ನು ಕರೆದುಕೊಂಡು ತಿರುಗಿದೆ. ಫೋಟೋ ಒಂದು ಕಡೆ, ವಿಳಾಸಕ್ಕೆ ಪುರಾವೆ ಇನ್ನೊಂದು ಕಡೆ. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಬದುಕಿದವಳು ಇಲ್ಲಿದ್ದಾಳೆ ಎನ್ನುವುದಕ್ಕೆ ರೇಷನ್ ಕಾರ್ಡಿನಲ್ಲಿ ಅಪ್ಪನ ಕೆಳಗಿನ ಒಂದು ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಬ್ಯಾಂಕಿನಲ್ಲಿ ಅವಳು ಕನ್ನಡದಲ್ಲಿ ಸಹಿ ಹಾಕಿದಳು. ಕೌಂಟರಿನ ಹೆಂಗಸು ಕಾಗದವನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ ಮಾಶಿಮಾ, ಪ್ರತಿ ಸಲ ಹೀಗೇ ಹಾಕಬೇಕು" ಎಂದು ಚಿಕ್ಕಮ್ಮನನ್ನು ಕರೆಯುವ ಹಾಗೆ ಬಂಗಾಳಿಯಲ್ಲಿ ಹೇಳಿದಳು. ನನ್ನ ಚಡಪಡಿಕೆ ನಿಂತಿತೆಂದುಕೊಂಡೆ. ಅದು ನನ್ನನ್ನು ಬಿಟ್ಟು ಅಪ್ಪನಿಗೆ ಹತ್ತಿಕೊಂಡಿತ್ತು. ಅತ್ತೆ ಬ್ಯಾಂಕಿಗೆ ಹೋದ ದಿನಗಳಲ್ಲೆಲ್ಲ ಅವರು ಬಾಗಿಲಿಗೂ ಗಲ್ಲಾಕ್ಕೂ ಸುಮ್ಮನೆ ಓಡಾಡುತ್ತಿದ್ದರು.

ಮರುವರ್ಷ ದುರ್ಗಾಪೂಜೆ ಮುಗಿದ ಮೇಲೆ ಅತ್ತೆ ಹಿಂದಿನ ಗಲ್ಲಿಯಲ್ಲಿ ಅಡುಗೆಮನೆಯಿರುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಳು. ಮುಂಗಡವನ್ನು ತನ್ನ ಖಾತೆಯಿಂದಲೇ ಕೊಟ್ಟಳು. ಹತ್ತಿರದ ಫ್ಲಾಟುಗಳಲ್ಲಿದ್ದ ನಮ್ಮ ಕಡೆಯ ಕೆಲವು ಹುಡುಗರಿಗೆ ಊಟದ ಡಬ್ಬಿ ಕಳಿಸತೊಡಗಿದಳು. ಅಪ್ಪ ಊರಿಗೆ ಫೋನ್ ಮಾಡಿ ಹೋಟೆಲಿನಲ್ಲಿ ಅವಳ ಜಾಗಕ್ಕೆ ಒಬ್ಬ ಅಡುಗೆಯವನನ್ನು ಕರೆಸಿದರು. ಅವನು ರೈಲು ಹತ್ತುವ ಮೊದಲೇ ಸಂಬಳ ಎಷ್ಟೆಂದು ಮಾತಾಡಿಕೊಂಡು ಬಂದ.