ಕದ್ದು ಕೇಳುವವರ ಊಟ ವಿಚಾರಿಸುವ ಸಂಪಾದಕರು

"ಅಮ್ಮಾ, ಮಹಡಿ ಮನೆ ತಾತ ಫೋನಲ್ಲಿ ಮಾತಾಡಿ ಮುಗಿದ್ಮೇಲೂ, ಇನ್ಯಾರನ್ನೋ ಊಟ ಆಯ್ತಾ ಅಂತ ಕೇಳ್ತಾರಲ್ಲ, ಅದ್ಯಾರು?" ಎಂದು ಮಗಳು ಇವತ್ತು ಕೇಳಿದಳು. ಕದ್ದು ಕೇಳುವವರು ಪುಟ್ಟಿ, ಎಂದರೆ ಅವಳಿಗೆ ಹೇಗೆ ಅರ್ಥವಾಗಬೇಕು! ತಾತ ಪತ್ರಿಕೆಯೊಂದರ ಸಂಪಾದಕರು. ಸರ್ಕಾರ ಜನರ ಫೋನುಗಳನ್ನು ಗುಟ್ಟಾಗಿ ಆಲಿಸುತ್ತಿದೆ ಎಂಬ ಸುದ್ದಿ ಅವರಿಗೆ ಸಿಕ್ಕಿದಾಗಿನಿಂದ ಅವರ ಫೋನಿಗೂ ಯಾರೋ ಕಿವಿಗೊಟ್ಟಿದ್ದಾರಂತೆ. ಆ ಕಿವಿಯನ್ನೂ ಅವರು ಮನೆಯವರಂತೆಯೇ ನಡೆಸಿಕೊಳ್ಳುತ್ತಾರೆ. ಮಾತಿನ ನಡುವೆ ತಮಗೆ ಕೆಮ್ಮು ಬಂದರೆ "ಬೇಜಾರಾಗ್ಬೇಡ ತಮ್ಮಾ" ಎನ್ನುತ್ತಾರೆ. ಸುದ್ದಿ ತಡೆಹಿಡಿಯಿರಿ ಎಂದು ದೊಡ್ಡ ಅಧಿಕಾರಿಗಳು ಮತ್ತೆ ಮತ್ತೆ ಕರೆ ಮಾಡಿದರೆ, "ಆಗ್ಲಿ ಸ್ವಾಮಿ, ಯಾಕೆ ತಡೀಬೇಕು ಅಂತ ಬರೆದುಕೊಡಿ, ಅದನ್ನೂ ಮುಖಪುಟದಲ್ಲೇ ಹಾಕ್ತೀನಿ" ಎಂದು ಮೆಟ್ಟಿಲೆಲ್ಲ ಅದುರುವಂತೆ ನಗುತ್ತಾರೆ. ಎಂಥ ಗಟ್ಟಿ ಜೀವ ಎಂದುಕೊಂಡಿದ್ದೆ. ಸಂಜೆ ಅವರ ಮನೆಯ ಡಬ್ಬಿ ವಾಪಸು ಕೊಡಲು ಹೋದಾಗ ಬಾಗಿಲ ಹಿಂದೆ ಜಿಪ್ ಹಾಕದ ಚೀಲವೊಂದು ಕಂಡಿತು. ಒಳಗೆ ಅಂಗಿ, ಟವೆಲು, ಸೋಪು, ಬಿಪಿ ಮಾತ್ರೆ. ಯಾವ ಹೊತ್ತಿನಲ್ಲಿ ಹೊರಡಬೇಕಾಗುತ್ತದೋ ಎಂದು ಹೆರಿಗೆಗೆ ಮುಂಚೆ ನಾನೂ ಹೀಗೆಯೇ ಕಟ್ಟಿಟ್ಟಿದ್ದೆ. ನಾನು ನೋಡಿದ್ದನ್ನು ತಾತ ಗಮನಿಸಿದರು. "ನಾಳೆ ಆ ಸುದ್ದಿ ಹಾಕ್ತಿದೀನಮ್ಮ. ಪೊಲೀಸರು ಬಂದು ಕರ್ಕೊಂಡು ಹೋದ್ರೂ ಹೋಗ್ಬಹುದು" ಎಂದು ಅಡುಗೆಮನೆಯಲ್ಲಿದ್ದ ಅಜ್ಜಿಯ ಕಡೆ ಕಳ್ಳನೋಟ ಹಾಯಿಸುತ್ತ ಪಿಸುಗುಟ್ಟಿದರು. "ಇವಳಿಗಿನ್ನೂ ಹೇಳಿಲ್ಲ, ಈಗ ಹೇಳ್ಬೇಕು. ಮಗೂನ ಕರ್ಕೊಂಡು ಸ್ವಲ್ಪ ಬಂದು ಕೂತ್ಕೋ ತಾಯಿ. ಮಗು ಮುಂದೆ ಇವಳು ಜೋರಾಗಿ ಬೈಯೋದಿಲ್ಲ."